ಒಂದೂವರೆ ಅಕ್ಷರ

ನಾನು ಕೊಡಬೇಕಾದದ್ದು ಒಂದು ಲಕ್ಷ ಮೊಳ ಬಿಳಿ ಬಟ್ಟೆ. ಊರು ನನಗೆ ಕೊಡಬೇಕಾದದ್ದು ಬೆಟ್ಟದ ಬುಡದಲ್ಲಿರುವ ಬಣ್ಣದ ಓಣಿ: ಹದಿನೇಳು ಮನೆ, ಮೂವತ್ತನಾಲ್ಕು ಬಾನಿ, ಒಂದು ಬಾವಿ. ಮಾತು ಆದದ್ದು ಕಟ್ಟೆಯ ಮೇಲೆ, ಹತ್ತು ಜನರೆದುರು. ಟವಲಿನ ಕೆಳಗೆ ಬೆರಳು ಹಿಡಿದು ಕುದುರಿಸಿದ್ದಲ್ಲ, ಬಾಯಿಬಿಟ್ಟು ಆಡಿದ್ದು. ಷರತ್ತು ಒಂದೇ. ಓಣಿಗೆ ಬಿಳಿ ಬೀಳಬೇಕು. ಕೆಂಪು ಬಿದ್ದರೆ ಓಣಿಯೂ ಇಲ್ಲ, ಬಟ್ಟೆಯೂ ವಾಪಸ್ಸಿಲ್ಲ.

ನಮ್ಮ ಊರಿನ ಕಟ್ಟಳೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಊರಿನ ಮೇಲೆ ಒಂದು ಬೆಟ್ಟ ಇದೆ. ಪಕ್ಕದಲ್ಲಲ್ಲ, ಮೇಲೆ. ಬಾಗಿಲು ತೆರೆದರೆ ಅದರ ಹೊಟ್ಟೆ ಕಾಣುತ್ತದೆ, ಕಿಟಕಿ ತೆರೆದರೆ ಅದರ ಹೆಗಲು. ಆ ಬೆಟ್ಟ ಬೀಳುತ್ತದೆ. ಯಾವಾಗ ಬೀಳುತ್ತದೆ ಎಂದು ಯಾರೂ ಕೇಳುವಂತಿಲ್ಲ, ಅದು ಬೆಟ್ಟದ ಗುಟ್ಟು. ಎಲ್ಲಿ ಬೀಳುತ್ತದೆ ಎಂದು ಮಾತ್ರ ಕೇಳಬಹುದು. ಹನ್ನೆರಡು ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಊರು ಬೆಟ್ಟಕ್ಕೆ ಬಟ್ಟೆ ಹೊದಿಸಿ ಕೇಳುತ್ತದೆ.

ಹೊದಿಸುವುದಕ್ಕೂ ಕ್ರಮ ಇದೆ. ನಮ್ಮ ಮಗ್ಗದ ಅಗಲ ಮೂರು ಮೊಳ. ಉದ್ದವೂ ಮೂರು ಮೊಳಕ್ಕೆ ಕತ್ತರಿಸಿದರೆ ಒಂದು ಚೌಕ. ಚೌಕಕ್ಕೆ ಚೌಕ ಹೊಲಿದು ಬೆಟ್ಟವನ್ನು ಮುಚ್ಚುತ್ತಾರೆ. ಬಂಡೆ ಬಿಡುವುದಿಲ್ಲ, ಪೊದೆ ಬಿಡುವುದಿಲ್ಲ, ಬುಡದ ಮನೆಗಳ ಮಾಡು ಬಿಡುವುದಿಲ್ಲ. ಬಿಸಿಲಿಗೆ ಇಡೀ ಬೆಟ್ಟ ಒಣಹಾಕಿದ ಪಂಚೆಯ ಹಾಗೆ ಹೊಳೆಯುತ್ತದೆ. ಆಮೇಲೆ ಅಳತೆಯವನು ಬರುತ್ತಾನೆ. ಎಡಗೈಯಲ್ಲಿ ನೀರಿನ ಗಿಂಡಿ, ಬಲಗೈಯಲ್ಲಿ ಕೆಂಪಿನ ಕುಂಚ. ಮೊದಲ ಚೌಕದ ಮೇಲೆ ಮಂಡಿಯೂರುತ್ತಾನೆ. ಒಂದು ಗುಟುಕು ನೀರು ಬಿಡುತ್ತಾನೆ. ಕಿವಿ ಇಟ್ಟು ಮೂರು ಸಲ ಕೇಳುತ್ತಾನೆ: ನಿಲ್ತೀಯೋ, ಬೀಳ್ತೀಯೋ? ನೀರು ನಿಂತರೆ ಚೌಕ ಬಿಳಿ. ನೀರು ಇಂಗಿದರೆ ಕುಂಚ ಎಳೆಯುತ್ತಾನೆ. ಎದ್ದು ಮುಂದಿನ ಚೌಕಕ್ಕೆ ಹೋಗುತ್ತಾನೆ. ನಿಲ್ತೀಯೋ, ಬೀಳ್ತೀಯೋ? ಮುಂದಿನ ಚೌಕ. ನಿಲ್ತೀಯೋ, ಬೀಳ್ತೀಯೋ? ಹೀಗೆ ನಲವತ್ತು ದಿನ, ಮೂವತ್ತಮೂರು ಸಾವಿರ ಚೌಕ.

ಕೆಂಪು ಬಿದ್ದಲ್ಲಿ ಇರುವಂತಿಲ್ಲ. ಬಿಳಿ ಬಿದ್ದಲ್ಲಿ ಹೆದರುವಂತಿಲ್ಲ. ಇಷ್ಟೇ ಕಟ್ಟಳೆ.

ಬಿಳಿಯಲ್ಲಿ ಹೆದರಿ ಮನೆ ಬಿಟ್ಟವನ ಒಲೆಗೆ ಊರು ನೀರು ಸುರಿಯುತ್ತದೆ. ಆಮೇಲೆ ಹೊಳೆಯ ಈಚೆ ದಡದಲ್ಲಿ ಅವನಿಗೆ ಯಾರೂ ಕೆಂಡ ಕೊಡುವುದಿಲ್ಲ. ಕೆಂಪಿನಲ್ಲಿ ಉಳಿದವನಿಗೂ ಅದೇ ಗತಿ. ಹಿಂದಿನ ಸಲ ಗಾಣದವನ ಮನೆಯಲ್ಲಿ ಅಡುಗೆಮನೆಯ ಮೇಲೆ ಕೆಂಪು ಬಿತ್ತು, ಪಡಸಾಲೆಯ ಮೇಲೆ ಬಿಳಿ. ಗಾಣದವನು ಹನ್ನೆರಡು ವರ್ಷ ಪಡಸಾಲೆಯಲ್ಲಿ ಧೈರ್ಯವಾಗಿ ಮಲಗಿದ, ಅಡುಗೆಮನೆಗೆ ಕಾಲಿಡಲಿಲ್ಲ. ಅವನ ಹೆಂಡತಿ ಬೀದಿಯಲ್ಲಿ ಮೂರು ಕಲ್ಲು ಹೂಡಿ ಬೇಯಿಸಿದಳು. ಊರು ಅವನನ್ನು ಹೊಗಳಿತು. ನಾನೂ ಹೊಗಳಿದೆ. ಅವನು ವರ್ಷಕ್ಕೆ ಎಂಟು ಪಂಚೆ ಕೊಳ್ಳುವ ಗಿರಾಕಿ.

ಇದೆಲ್ಲ ಎಲ್ಲಿಂದ ಬಂತು ಎಂದರೆ ಒಂದು ಕಲ್ಲಿನಿಂದ. ಬಣ್ಣದ ಓಣಿಯ ಬಾಯಲ್ಲಿ ಆ ಕಲ್ಲು ನಿಂತಿದೆ. ಯಾರು ನೆಟ್ಟರೋ ಗೊತ್ತಿಲ್ಲ. ಅದರ ಬಲ ಅಂಚಿನಿಂದ ಒಂದು ಚೂರು ಎದ್ದುಹೋಗಿದೆ, ಅದಕ್ಕೇ ಹಲ್ಲುಬಿದ್ದ ಕಲ್ಲು ಅನ್ನುತ್ತಾರೆ. ಉಳಿದಿರುವ ಅಕ್ಷರ ಇಷ್ಟು: ಮೇಲಿನ ಸಾಲಿನಲ್ಲಿ ‘ಬೆಟ್ಟಕ್ಕೆ ಮಗ್ಗ’, ಅಲ್ಲಿ ಹಲ್ಲುಬಿದ್ದ ಹಳ್ಳ. ಕೆಳಗಿನ ಸಾಲಿನಲ್ಲಿ ‘ಗೊಂದು ಗುರುತು’. ಹಿಂದಿನವರು ಕೂತು ಆ ಹಳ್ಳವನ್ನು ಬಾಯಿಂದ ತುಂಬಿದರು. ‘ಮಗ್ಗದಳತೆಗೊಂದು ಗುರುತು’ ಅಂದರು. ಮಗ್ಗದ ಅಗಲಕ್ಕೊಂದು ಚೌಕ, ಚೌಕಕ್ಕೊಂದು ಪ್ರಶ್ನೆ. ಮುಗಿಯಿತು.

ಈಗ ನನ್ನ ಮಾತು ಕೇಳಿ. ನಾನು ನಲವತ್ತು ವರ್ಷ ಮೊಳ ಹಾಕಿದವನು. ಕಣ್ಣಲ್ಲೇ ಅಳೆದು, ಇದು ಒಂದು ರವಿಕೆಗೆ ಸಾಕು, ಇದು ಸಾಲದು ಎಂದು ಹೇಳುವವನು. ಆ ಕಲ್ಲಿನ ಹಳ್ಳದಲ್ಲಿ ಮೂರು ಅಕ್ಷರ ಹಿಡಿಯುವುದಿಲ್ಲ. ‘ದಳತೆ’ ಎಂಬ ಮೂರು ಅಕ್ಷರ ಅಲ್ಲಿ ಕೂರಬೇಕಾದರೆ ಒಂದರ ತೊಡೆಯ ಮೇಲೆ ಒಂದು ಕೂರಬೇಕು. ಹಿಡಿಯುವುದು ಒಂದೂವರೆ. ನನಗೆ ಇದು ಮೀಸೆ ಬರುವ ಮುಂಚೆಯೇ ಗೊತ್ತಿತ್ತು. ಹೇಳಲಿಲ್ಲ. ಮೂರು ಅಕ್ಷರ ಇದ್ದರೆ ನನಗೆ ಒಂದು ಲಕ್ಷ ಮೊಳದ ವ್ಯಾಪಾರ. ಒಂದೂವರೆ ಇದ್ದರೆ ಏನೋ ಯಾರಿಗೆ ಗೊತ್ತು. ಗೊತ್ತಿಲ್ಲದ್ದಕ್ಕೆ ನಾನು ಬಾಯಿ ಹಾಕುವವನಲ್ಲ.

ಬಟ್ಟೆ ಕೊಟ್ಟೆ. ಹೊದಿಸಿದರು. ಅಳತೆಯವನು ನಲವತ್ತು ದಿನ ಮಂಡಿ ಸವೆಸಿದ. ಓಣಿಯ ನೆತ್ತಿಯ ಮೇಲಿನ ಇಳಿಜಾರಿನಲ್ಲಿ ಏಳು ಸಾವಿರ ಚೌಕ, ಅದರಲ್ಲಿ ಕೆಂಪು ಹತ್ತೊಂಬತ್ತು. ಅದೂ ಅಲ್ಲೊಂದು ಇಲ್ಲೊಂದು, ಮೈಮೇಲೆ ಎದ್ದ ಗುಳ್ಳೆಯ ಹಾಗೆ. ಓಣಿಯಲ್ಲಿ ಒಂದೂ ಇಲ್ಲ. ಓಣಿ ನನ್ನದಾಯಿತು. ಅಂಗಡಿಯಲ್ಲಿ ಬೆಲ್ಲ ಹಂಚಿದೆ.

ಮಾರನೆಯ ದಿನ ಬಣ್ಣದವಳು ಬಂದಳು. ಓಣಿಯ ಹದಿನೇಳು ಮನೆಗೂ ಅವಳೇ ಹಿರಿಯಳು. ಮೊಣಕೈವರೆಗೆ ಕೆಂಪು, ಉಗುರೊಳಗೆ ನೀಲಿ. ನೂಲಿನ ಹೊರೆ ಕಟ್ಟೆಗೆ ಇಳಿಸಿ ನಿಂತಳು.

“ಒಡೆಯರಾದ್ರಂತೆ ಸಾಹುಕಾರ್ರೆ. ಬೆಲ್ಲ ಎಲ್ಲಿ?”

“ತಗೊಳಮ್ಮ.”

“ಬೆಲ್ಲ ಆಮೇಲೆ. ಬಾವಿ ನೀರು ಕೆಂಪಗೆ ಬರ್ತಿದೆ. ನಾನು ಬಣ್ಣ ಹಾಕೋ ಮುಂಚೇನೇ ಕೆಂಪು. ಹಳದಿ ನೂಲು ಅದ್ದಿದ್ರೆ ಕಾವಿ ಆಗಿ ಏಳತ್ತೆ. ಮೇಲೆ ಹತ್ತಿ ನೋಡ್ದೆ. ಬೆಟ್ಟದ ಏಣಿನ ಮೇಲೆ, ನೀರು ಆಚೆಗೊಂದು ಈಚೆಗೊಂದು ಒಡೆಯತ್ತಲ್ಲ, ಅಲ್ಲಿ ಬಿರುಕು ಬಿಟ್ಟಿದೆ. ಬೆರಳು ತೂರತ್ತೆ.”

“ಬಿರುಕಿರೋ ಚೌಕಕ್ಕೆ ಕೆಂಪು ಬಿದ್ದಿದೆಯಲ್ಲ.”

“ಚೌಕಕ್ಕೆ ಬಿದ್ದಿದೆ. ಚೌಕ ಬೀಳತ್ತಾ, ಬೆಟ್ಟ ಬೀಳತ್ತಾ?”

ನೂಲು ಎಣಿಸುತ್ತಿದ್ದೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ದುಡ್ಡಿನ ಗಲ್ಲೆಯ ಪಕ್ಕಕ್ಕೆ ಹೋಯಿತು. ಅಲ್ಲಿ ಒಂದು ಕಲ್ಲಿನ ಚೂರು ಇರುತ್ತದೆ. ಹರಿದ ಥಾನಿನ ಅಂಚು ಗಾಳಿಗೆ ಹಾರದ ಹಾಗೆ ಅದನ್ನು ಹೇರಿರುತ್ತೇನೆ. ಅಪ್ಪನ ಕಾಲದ್ದು. ಅಪ್ಪನಿಗೆ ಅದು ಎಲ್ಲಿ ಸಿಕ್ಕಿತೋ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಣ್ಣದವಳು ಅದನ್ನು ಎತ್ತಿದಳು. ತಿರುಗಿಸಿದಳು. ನಲವತ್ತು ವರ್ಷದ ಹತ್ತಿಯ ದೂಳು ಅದರ ಗೀರುಗಳಲ್ಲಿ ತುಂಬಿ ಮೆತ್ತಿಕೊಂಡಿತ್ತು. ಅವಳು ಒದ್ದೆ ಬೆರಳಿನಿಂದ ಉಜ್ಜಿದಳು. ದೂಳು ಹೋಗಿ ಗೀರಿನಲ್ಲಿ ಕೆಂಪು ನಿಂತಿತು.

“ಓದಕ್ಕೆ ಬರಲ್ಲ ನಂಗೆ,” ಅಂದಳು. “ಆದ್ರೆ ಇದರ ಅಂಚು ಗೊತ್ತು. ದಿನಾ ನೀರು ತರುವಾಗ ಕೈ ಆಡಿಸ್ಕೊಂಡು ಬರ್ತೀನಿ. ಇದು ನಮ್ಮೋಣಿ ಕಲ್ಲಿನ ಹಲ್ಲು ಸಾಹುಕಾರ್ರೆ.”

ನಾನು ನೋಡಿದೆ. ಎಡಗಡೆ ಒಂದು ಕೊಂಬು, ಅಕ್ಷರದ ಬಲಕ್ಕೆ ಏರುತ್ತದಲ್ಲ, ಆ ಕೊಂಬು. ಅದರ ಪಕ್ಕ ಪೂರ್ತಿ ಒಂದು ‘ಲಿ’. ಕೊಂಬು ಅರ್ಧ, ಲಿ ಒಂದು. ಒಂದೂವರೆ.

‘ಮಗ್ಗ’ಕ್ಕೆ ಕೊಂಬು ಹಚ್ಚಿದರೆ ‘ಮಗ್ಗು’. ಅದಕ್ಕೆ ‘ಲಿ’. ಅದಕ್ಕೆ ‘ಗೊಂದು ಗುರುತು’.

ಬೆಟ್ಟಕ್ಕೆ ಮಗ್ಗುಲಿಗೊಂದು ಗುರುತು.

ಮಗ್ಗವಲ್ಲ. ಮಗ್ಗುಲು. ಬೆಟ್ಟವನ್ನು ನೇಕಾರನ ಅಳತೆಗೆ ಕತ್ತರಿಸಿ ಕೇಳಬೇಡಿ, ಅದರ ಸ್ವಂತ ಮಗ್ಗುಲು ಹಿಡಿದು ಕೇಳಿ ಎಂದು ಯಾರೋ ಪುಣ್ಯಾತ್ಮ ಕಲ್ಲಿನಲ್ಲಿ ಕೊರೆದಿಟ್ಟು ಹೋಗಿದ್ದ. ನಾವು ಅದರ ಹಲ್ಲು ಮುರಿದು ಅದರ ಮೇಲೆ ಬಟ್ಟೆ ಮಾರಿದೆವು.

“ಬೆಟ್ಟಕ್ಕೆ ಮಗ್ಗುಲು ಎಷ್ಟಮ್ಮ?” ಎಂದೆ.

“ಮೇಕೆ ಮೇಯಿಸೋರನ್ನ ಕೇಳಿ, ಹೇಳ್ತಾರೆ. ಏಳು. ಏಣಿಂದ ಹಳ್ಳದವರೆಗೂ ಒಂದು ಮಗ್ಗುಲು. ಆ ಹಳ್ಳದಿಂದ ಮುಂದಿನ ಏಣಿಗೆ ಇನ್ನೊಂದು. ನಮ್ಮದು ಮೂರನೇದು. ಏನು ಬರೆದಿದೆ ಇದರಲ್ಲಿ?”

“ಏನೂ ಇಲ್ಲ. ಗೀರು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬೆಲ್ಲ ತೆಗೆದುಕೊಳ್ಳದೆ ಹೋದಳು.

ಮೂರು ದಿನ ಆ ಕಲ್ಲಿನ ಮೇಲೆ ಬಟ್ಟೆ ಮುಚ್ಚಿಟ್ಟೆ. ಸುಳ್ಳು ಯಾಕೆ ಹೇಳಲಿ. ಏಳು ಮಗ್ಗುಲಿಗೆ ಏಳು ಗುರುತು ಸಾಕು ಎಂದಾದರೆ ಮೂರು ಮೊಳದ ಏಳು ಬಾವುಟ, ಇಪ್ಪತ್ತೊಂದು ಮೊಳ ಬಟ್ಟೆ. ಒಂದು ಲಕ್ಷ ಮೊಳ ಎಲ್ಲಿ, ಇಪ್ಪತ್ತೊಂದು ಎಲ್ಲಿ. ಮೂರನೆಯ ಮಗ್ಗುಲಿಗೆ ಕೆಂಪು ಬಿದ್ದರೆ ಓಣಿಯೂ ಹೋಯಿತು. ಮಾತಾಡಿದರೆ ಎರಡು ಕಡೆಯಿಂದಲೂ ನನಗೇ ಕತ್ತರಿ.

ಬಣ್ಣದವಳು ಮೂರು ದಿನವೂ ಬಂದಳು. ಅಂಗಡಿಯೊಳಗೆ ಬರಲಿಲ್ಲ, ಬೀದಿಯಲ್ಲೇ ನಿಂತು ಒಂದೊಂದು ಮಾತು ಹೇಳಿ ಹೋದಳು.

ಮೊದಲ ದಿನ: “ಬಿರುಕಲ್ಲಿ ಕೈ ಹೋಗತ್ತೆ.”

ಎರಡನೆಯ ದಿನ: “ತೋಳು ಹೋಗತ್ತೆ.”

ಮೂರನೆಯ ದಿನ: “ಮೊಳ ಹಾಕಿ ಬಂದೆ ಸಾಹುಕಾರ್ರೆ. ಒಂದು ಮೊಳ ತುಂಬ. ನಿಮ್ಮ ಮೊಳ ಅಲ್ಲ, ನನ್ನದು.”

ಆಗ ನಾನು ಕೂತು ಲೆಕ್ಕ ಹಾಕಿದೆ. ಬೀಳುವ ಬೆಟ್ಟದ ಬುಡದ ಓಣಿ ಆಸ್ತಿ ಅಲ್ಲ. ಗೋಡೆ ಬಣ್ಣ ಹಾಕುವುದಿಲ್ಲ, ಬಾನಿ ಬಣ್ಣ ಹಾಕುವುದಿಲ್ಲ, ಬಣ್ಣ ಹಾಕುವುದು ಕೈ. ಬಾನಿ ಒಡೆದರೆ ಕುಂಬಾರ ಇನ್ನೊಂದು ಸುಟ್ಟುಕೊಡುತ್ತಾನೆ. ಆ ಮೂವತ್ತು ನಲವತ್ತು ಕೈ ಮಣ್ಣಿನಡಿ ಹೋದರೆ ಯಾವ ಕುಂಬಾರ ಸುಟ್ಟುಕೊಡುತ್ತಾನೆ? ಇದರಲ್ಲಿ ಕರುಣೆ ಗಿರುಣೆ ಏನೂ ಇರಲಿಲ್ಲ. ಕಲ್ಲು ಬಗಲಲ್ಲಿ ಇಟ್ಟುಕೊಂಡು, ಬಣ್ಣದವಳನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಗೀರಿನ ಅರ್ಥ ಹೇಳಿದೆ. ಅವಳು ನಿಂತುಬಿಟ್ಟಳು.

“ಮೂರು ದಿನ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ನಿಮ್ಮ ಬೆಲ್ಲಕ್ಕೆ ಇರುವೆ ಮುತ್ಲಿ,” ಅಂದಳು. ಆಮೇಲೆ ನನಗಿಂತ ಮುಂದೆ ನಡೆದಳು.

ಊರ ಹಿರಿಯ ಹಲ್ಲುಬಿದ್ದ ಕಲ್ಲಿನ ಹತ್ತಿರವೇ ಸಿಕ್ಕಿದ. ಅಳತೆಯವನೂ ಇದ್ದ, ಊದಿದ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. ನಾಲ್ಕು ಜನ ಸೇರಿದರು, ನಾಲ್ಕು ನಲವತ್ತಾಯಿತು.

“ಏನು ಸಾಹುಕಾರ್ರೆ, ಓಣಿ ಕೈಗೆ ಬಂದದ್ದೇ ಕಲ್ಲು ಹೊತ್ಕೊಂಡು ಬಂದಿದೀರಿ. ಮಹಡಿ ಏಳಸ್ತೀರಾ?” ಎಂದ ಹಿರಿಯ.

ಚೂರನ್ನು ಹಳ್ಳಕ್ಕೆ ಇಟ್ಟೆ. ಅದು ಹೋಗಿ ಕೂತಿತು. ಕೂದಲು ತೂರುವಷ್ಟು ಸಂದು ಇರಲಿಲ್ಲ.

“ಓದಿ,” ಎಂದೆ.

ಯಾರೂ ಓದಲಿಲ್ಲ. ನಾನೇ ಓದಿದೆ. ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ. ಬೆಟ್ಟಕ್ಕೆ ಮಗ್ಗುಲಿಗೊಂದು ಗುರುತು.

ಹಳ್ಳದಲ್ಲಿ ಮೂರು ಅಕ್ಷರ ಹಿಡಿಯುವುದಿಲ್ಲ ಎಂದೂ ಹೇಳಿದೆ. ಹಿರಿಯ ನಕ್ಕ. “ಹಾಗಾದ್ರೆ ಏಳು ಗುರುತು ಸಾಕಿತ್ತು.”

“ಸಾಕಿತ್ತು.”

“ಒಂದು ಲಕ್ಷ ಮೊಳ ಬಟ್ಟೆ ಬೇಕಿರಲಿಲ್ಲ.”

“ಬೇಕಿರಲಿಲ್ಲ.”

“ಮಾರಿದ್ದು ಯಾರು?”

“ನಾನು.”

ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳತೆಯವನು ಮಾತ್ರ ನಗಲಿಲ್ಲ. ಅವನು ಒಳ್ಳೆಯವನು, ಅದೇ ಅವನ ತೊಂದರೆ. “ಏಳು ಸಾವಿರ ಚೌಕದ ಜಾಗಕ್ಕೆಲ್ಲ ಒಂದೇ ಬಣ್ಣ ಅಂದ್ರೆ ಎಂಥ ಒರಟು ಕೆಲಸ ಸಾಹುಕಾರ್ರೆ,” ಎಂದ. “ನಾನು ಮೂರು ಮೊಳಕ್ಕೊಂದು ಸಲ ಕಿವಿ ಇಟ್ಟು ಕೇಳ್ತೀನಿ. ನನ್ನದು ಸೂಕ್ಷ್ಮ.”

“ಸೂಕ್ಷ್ಮ ಹೌದಯ್ಯ. ಸರಿಯಾ?”

“ಪ್ರತಿ ಚೌಕವೂ ಉತ್ತರ ಕೊಟ್ಟಿದೆ. ಯಾವುದೂ ಸುಳ್ಳು ಹೇಳಿಲ್ಲ.”

ಬಣ್ಣದವಳು ಮುಂದೆ ಬಂದಳು. “ಅಳತೆಯಪ್ಪ, ಮಲಗಿರೋ ಎಮ್ಮೆ ಮಗ್ಗುಲು ಬದಲಿಸ್ತದಲ್ಲ. ಒಂದೊಂದು ಕೂದಲನ್ನೂ ಕೇಳಿ ಬದಲಿಸ್ತದಾ? ನೀನು ಕೂದಲನ್ನ ಕೇಳಿ ಬಂದಿದೀಯ. ಕೂದಲು ನಾನು ಅಲ್ಲಾಡಲ್ಲ ಅಂತು. ಅದು ಸುಳ್ಳು ಹೇಳ್ಲಿಲ್ಲ. ಎಮ್ಮೆನ ಕೇಳಿದ್ಯಾ?”

ಅವನು ಮಂಡಿ ನೋಡಿಕೊಂಡ.

“ಇಷ್ಟೆಲ್ಲ ರಗಳೆ ಯಾಕೆ,” ಎಂದ ಹಿರಿಯ. “ಚೌಕ ಬೇಡ ಅಂದ್ರೆ ಜಮೀನಿನ ಹದ್ದಿನ ಕಲ್ಲು ನೋಡಿ ಹಂಚೋಣ. ನನ್ನ ತೋಟಕ್ಕೊಂದು ಗುರುತು, ಸಾಹುಕಾರರ ಓಣಿಗೊಂದು, ಗಾಣದವನಿಗೊಂದು. ನನ್ನದು ಬಿಳಿ ಇದ್ರೆ ಆಯ್ತಪ್ಪ.”

“ಬೆಟ್ಟಕ್ಕೆ ನಿಮ್ಮ ಬೇಲಿ ಓದಕ್ಕೆ ಬರಲ್ಲ ಯಜಮಾನ್ರೆ. ನನ್ನ ಹಾಗೇನೇ ಅದು,” ಎಂದಳು ಬಣ್ಣದವಳು.

ಹಿರಿಯನ ಮುಖ ಗಂಟಾಯಿತು. ಚೂರನ್ನು ಹಳ್ಳದಿಂದ ಕಿತ್ತು ನನ್ನ ಕೈಗೆ ಇಟ್ಟ. “ಬಟ್ಟೆ ಹಾಸಿ ಆಗಿದೆ. ಕೇಳಿ ಆಗಿದೆ. ಹಳ್ಳದಲ್ಲಿ ಮೂರು ಅಕ್ಷರ ಹಿಡಿಯಲ್ಲ ಅಂತ ಸಾಹುಕಾರರು ಹೇಳೋದು ನಾವು ನಂಬಬೇಕು. ಅವರ ಮೊಳದಲ್ಲಿ ಹಿಡಿಯಲ್ಲ ಬಿಡಿ. ಅವರ ಮೊಳ ಯಾವತ್ತೂ ಎರಡು ಬೆರಳು ಕಮ್ಮಿಯೇ.”

ಮತ್ತೆ ನಗು. ಗಾಣದವನೂ ನಕ್ಕ, ಅಡುಗೆಮನೆ ಇಲ್ಲದ ಗಾಣದವನು. ನಲವತ್ತು ವರ್ಷ ನನ್ನಿಂದ ಬಟ್ಟೆ ಒಯ್ದವರು ನಕ್ಕರು. ಸುಳ್ಳ ಅನ್ನಿ, ಜಿಪುಣ ಅನ್ನಿ, ಕೇಳಿಸಿಕೊಂಡು ಎಲೆ ಅಡಿಕೆ ಕೊಡುತ್ತೇನೆ. ನನ್ನ ಮೊಳ ಕಮ್ಮಿ ಅಂದರೆ! ಕಿವಿಯಲ್ಲಿ ಕುದಿಯುವ ಬಾನಿಯ ಸದ್ದು ಬಂತು.

“ಇವಳು ಬಿಳಿಯಲ್ಲಿ ಹೆದರಿದ್ದಾಳೆ,” ಎಂದ ಹಿರಿಯ, ಬಣ್ಣದವಳ ಕಡೆ ಬೆರಳು ಮಾಡಿ. “ಇವಳ ಒಲೆಗೆ ನೀರು ಸುರೀರಿ.”

“ನಾನು ಹೆದರಿಲ್ಲ,” ಎಂದಳು ಅವಳು. “ನಂಗೆ ಸಿಟ್ಟು ಬಂದಿದೆ. ಬಿಳಿಯಲ್ಲಿ ಸಿಟ್ಟು ಮಾಡಂಗಿಲ್ಲ ಅಂತ ಎಲ್ಲಿದೆ? ತೋರಿಸಿ.”

ಹಿರಿಯ ಕಲ್ಲಿನ ಕಡೆ ನೋಡಿದ. ಕಲ್ಲಿನಲ್ಲಿ ಇರಲಿಲ್ಲ. ಅಳತೆಯವನ ಕಡೆ ನೋಡಿದ. ಅಳತೆಯವನು ಇಲ್ಲ ಎಂದು ತಲೆಯಾಡಿಸಿದ. ಹೆದರಿಕೆಗೆ ಕಟ್ಟಳೆ ಬರೆದ ಊರು ಸಿಟ್ಟಿಗೆ ಬರೆಯುವುದನ್ನು ಮರೆತಿತ್ತು. ಕೊಡ ಹಿಡಿದವರು ಕೊಡ ಕೆಳಗಿಟ್ಟರು.

ನಾನು ಉಗ್ರಾಣದ ಬೀಗ ತೆಗೆದೆ. ನನ್ನಲ್ಲಿ ಆರು ವರ್ಷಕ್ಕಾಗುವಷ್ಟು ಕೆಂಪು ಇತ್ತು: ಬೇರು, ತೊಗಟೆ, ಅರಗು, ಪುಡಿ. ಬೆಲೆ ಏರಲಿ ಎಂದು ಕೂಡಿಟ್ಟದ್ದು. “ತಗೊಂಡು ಹೋಗು,” ಎಂದೆ.

“ಎಷ್ಟು?”

“ಅಳೆಯಬೇಡ. ನನ್ನ ಮೊಳ ಕಮ್ಮಿಯಂತೆ. ಎಲ್ಲ ತಗೊಂಡು ಹೋಗು.”

“ಇದು ಬಳಿದ್ರೆ ಓಣಿ ನಿಮ್ಮದಾಗಿ ಉಳಿಯಲ್ಲ.”

“ಹೋಗ್ತೀಯೋ, ಇಲ್ಲವೋ?”

ಹದಿನೇಳು ಮನೆಯ ಮೂವತ್ತನಾಲ್ಕು ಬಾನಿಯಲ್ಲೂ ಕೆಂಪು ಕುದಿಯಿತು. ಊರಿಗೆಲ್ಲ ಅದರ ವಾಸನೆ ಹಬ್ಬಿತು. ಮರುದಿನ ನೆತ್ತಿಯ ಬಿಸಿಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಓಣಿಯವರು ಕೊಡ ಹೊತ್ತು ಬೆಟ್ಟ ಹತ್ತಿದರು. ಗಂಡಸರು, ಹೆಂಗಸರು, ಮುದುಕರು, ಸಾಲಾಗಿ. ಏಣಿನ ಮೇಲೆ, ಬಿರುಕಿನ ಉದ್ದಕ್ಕೆ ನಿಂತರು. ಬಣ್ಣದವಳು ಮೊದಲ ಕೊಡ ಬಗ್ಗಿಸಿದಳು.

ನಾನು ಕೆಳಗಿನಿಂದ ನೋಡುತ್ತಿದ್ದೆ. ಹೇಳುತ್ತೇನೆ ಕೇಳಿ. ಅವರು ಏನನ್ನೂ ಬಳಿಯಲಿಲ್ಲ. ಸುರಿದರು, ಅಷ್ಟೆ. ಬಣ್ಣ ತಾನೇ ದಾರಿ ಹಿಡಿಯಿತು. ಒಂದು ಚೌಕದಿಂದ ಇನ್ನೊಂದಕ್ಕೆ ಇಳಿಯಿತು. ಅದಕ್ಕೆ ಹೊಲಿಗೆ ಕಾಣಲಿಲ್ಲ, ಅಂಚು ಕಾಣಲಿಲ್ಲ, ಹಿರಿಯನ ಬೇಲಿ ಕಾಣಲಿಲ್ಲ. ಬೆಟ್ಟದ ಮೈ ಎಲ್ಲಿ ಬಗ್ಗಿತೋ ಅಲ್ಲಿ ಬಗ್ಗಿತು, ಎಲ್ಲಿ ಅಗಲವಾಯಿತೋ ಅಲ್ಲಿ ಹರಡಿತು. ಕೊನೆಗೆ ಹಳ್ಳಕ್ಕೆ ಬಂದು ಕೂಡಿತು. ಹಳ್ಳ ದಾಟಿ ಪಕ್ಕದ ಮಗ್ಗುಲಿಗೆ ಒಂದು ಹನಿ ಹೋಗಲಿಲ್ಲ. ಸಂಜೆಗೆ ಬಿಳಿ ಬೆಟ್ಟದಲ್ಲಿ ಒಂದು ಮಗ್ಗುಲು ಇಡಿಯಾಗಿ ಕೆಂಪಾಗಿ ಎದ್ದು ನಿಂತಿತ್ತು, ನೆತ್ತಿಯಿಂದ ಓಣಿಯವರೆಗೆ. ಅಷ್ಟು ವರ್ಷ ಅದರ ಕೆಳಗೆ ಇದ್ದವರು ಆವತ್ತು ಮೊದಲ ಸಲ ಅದನ್ನು ಕಂಡರು. ಯಾರೋ ಮಲಗಿದ್ದಾರೆ ಎಂದು ಆಗ ಗೊತ್ತಾದ ಹಾಗೆ ಊರು ಸುಮ್ಮನಾಯಿತು.

ಕೆಂಪು ಬಿದ್ದಲ್ಲಿ ಇರುವಂತಿಲ್ಲ. ಯಾರು ಬೀಳಿಸಿದ ಕೆಂಪು ಎಂದು ಕಟ್ಟಳೆ ಕೇಳುವುದಿಲ್ಲ. ಓಣಿಯವರು ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು ಇಳಿದು ಬಂದರು. ಎಲ್ಲಿಗೆ ಹೋಗುತ್ತಾರೆ? ಉಗ್ರಾಣ ಖಾಲಿ ಆಗಿತ್ತಲ್ಲ, ಅಲ್ಲಿಗೆ ನುಗ್ಗಿದರು. ನಾನು ಕರೆಯಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಹಿರಿಯನ ಅರ್ಧ ತೋಟ ಕೆಂಪಿಗೆ ಹೋಗಿತ್ತು. ಅವನು ಉರಿದು ಬಿದ್ದ. ಇದು ಬೆಟ್ಟ ಕೊಟ್ಟ ಕೆಂಪಲ್ಲ, ಬಾನಿಯ ಕೆಂಪು, ತೊಳೆದು ಬಾ ಎಂದು ಅಳತೆಯವನಿಗೆ ಅಪ್ಪಣೆ ಮಾಡಿದ. ಅಳತೆಯವನು ಗಿಂಡಿ ತೆಗೆದುಕೊಂಡು ಹತ್ತಿದ. ಏಳು ಸಾವಿರ ಚೌಕದಲ್ಲಿ ಯಾವ ಹತ್ತೊಂಬತ್ತು ನಿಜವಾದ ಕೆಂಪು ಎಂದು ಅವನಿಗೆ ಬಾಯಿಪಾಠ. ಮಿಕ್ಕದ್ದನ್ನು ತೊಳೆಯಬೇಕು. ಮಗ್ಗುಲಿನ ನಟ್ಟನಡುವೆ ಮಂಡಿಯೂರಿದ. ನನ್ನ ಉಗ್ರಾಣದ ಕೆಂಪು ಹಾಗೆಲ್ಲ ಹೋಗುವ ಕೆಂಪಲ್ಲ. ಎರಡು ದಿನ ಒಂದೇ ಚೌಕ ತಿಕ್ಕಿದ. ತಿಕ್ಕಿ ತಿಕ್ಕಿ ಅದನ್ನು ಬಿಳಿ ಮಾಡಿದ.

ಮೂರನೆಯ ದಿನ ಮಧ್ಯಾಹ್ನ ಮಳೆ ಹಿಡಿಯಿತು. ನಾನು ಬುಡದವರೆಗೆ ಹೋಗಿ ಕೂಗಿದೆ.

“ಇಳಿದು ಬಾರಯ್ಯ! ಮಂಡಿ ಉಳಿಸ್ಕೊ!”

ಅವನು ಎದ್ದು ನಿಂತ. ಮಳೆಯಲ್ಲಿ ಅವನ ದನಿ ಸ್ಪಷ್ಟವಾಗಿ ಬಂತು, ಸಮಾಧಾನದ ದನಿ.

“ನಾನು ಬಿಳಿ ಮೇಲೆ ನಿಂತಿದೀನಿ ಸಾಹುಕಾರ್ರೆ.”

“ಅದು ನೀನೇ ತೊಳೆದ ಬಿಳಿ ಅಲ್ವೇನೋ!”

“ಮೂರು ಸಲ ಕೇಳಿದ್ದೀನಿ. ನಿಲ್ತೀನಿ ಅಂದಿದೆ.”

ಬೆಟ್ಟ ಮಗ್ಗುಲು ಬದಲಿಸಿತು.

ಸದ್ದು ಆಮೇಲೆ ಬಂತು. ಮೊದಲು ಕಂಡದ್ದು ಬಟ್ಟೆ. ಏಣಿನಿಂದ ಹಳ್ಳದವರೆಗೆ ಏಳು ಸಾವಿರ ಚೌಕವೂ ಒಟ್ಟಿಗೆ ಹೊರಟವು. ಒಂದು ಹೊಲಿಗೆ ಬಿಚ್ಚಲಿಲ್ಲ. ಹಾಸಿಗೆಯ ಮೇಲಿನ ದುಪ್ಪಟಿಯನ್ನು ಯಾರೋ ಕೆಳಗಿನಿಂದ ಎಳೆದ ಹಾಗೆ ಕೆಂಪು ಮಗ್ಗುಲು ಇಡಿಯಾಗಿ ಇಳಿಯಿತು. ಅದರ ನಡುವೆ ಒಂದು ಬಿಳಿ ಚೌಕ. ಚೌಕದ ಮೇಲೆ ನೆಟ್ಟಗೆ ಒಬ್ಬ ಮನುಷ್ಯ. ಅವನು ಹೆದರಲಿಲ್ಲ. ಬಿಳಿ ಬಿದ್ದಲ್ಲಿ ಹೆದರುವಂತಿಲ್ಲ. ಓಣಿಯ ಮೇಲೆ, ಖಾಲಿ ಹದಿನೇಳು ಮನೆಯ ಮೇಲೆ ಅದು ಬಂದು ಮಲಗಿತು. ಪಕ್ಕದ ಮಗ್ಗುಲಿನಲ್ಲಿ ಮೇಯುತ್ತಿದ್ದ ಮೇಕೆ ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು.

ಮಳೆ ನಿಂತ ಮೇಲೆ ಊರು ಸೇರಿತು. ಈಗ ಕಲಿಯುತ್ತಾರೆ ಅಂದುಕೊಂಡೆ. ಹಿರಿಯ ಗಂಟಲು ಸರಿ ಮಾಡಿಕೊಂಡು ಎರಡು ಮಾತು ಹೇಳಿದ. ಕೆಂಪು ಸುರಿದದ್ದಕ್ಕೇ ಬೆಟ್ಟ ಬಿತ್ತು, ಇದು ಒಂದು. ಚೌಕ ದೊಡ್ಡದಾಗಿದ್ದಕ್ಕೆ ಅಳತೆಯವನಿಗೆ ತಪ್ಪಿತು, ಮುಂದಿನ ಸಲ ಅರ್ಧ ಮಗ್ಗದ ಅಳತೆ, ಇದು ಇನ್ನೊಂದು. ಎರಡರಲ್ಲಿ ಒಂದಾದರೂ ಇನ್ನೊಂದಕ್ಕೆ ಹೊಂದುತ್ತದೆಯೇ ಎಂದು ಒಬ್ಬನೂ ಕೇಳಲಿಲ್ಲ. ಕಲ್ಲು ಓಣಿಯ ಬಾಯಲ್ಲಿ ಎದೆಮಟ್ಟ ಮಣ್ಣಿನಲ್ಲಿ ಹೂತಿತ್ತು. ಅದನ್ನು ಅಗೆದು ತೆಗೆಸಿದರು. ಹಳ್ಳಕ್ಕೆ ಸುಣ್ಣದ ಗಾರೆ ತುಂಬಿಸಿ, ಅದು ಒಣಗುವ ಮುಂಚೆ ‘ದಳತೆ’ ಎಂದು ಮೂರು ಅಕ್ಷರ ಇರುಕಿ ಇರುಕಿ ಗೀಚಿಸಿದರು. ‘ತೆ’ ಜಾಗ ಸಾಲದೆ ಕಲ್ಲಿನ ಪಕ್ಕೆಗೆ ತಿರುಗಿಕೊಂಡಿದೆ. ಬೇಕಾದರೆ ಬಂದು ನೋಡಿ.

ಆಮೇಲೆ ಹಿರಿಯ ನನ್ನ ಹತ್ತಿರ ಬಂದ. ಹಲ್ಲು ಬಿಟ್ಟುಕೊಂಡೇ ಬಂದ.

“ಹಳೆಯದೆಲ್ಲ ಮರೀರಿ ಸಾಹುಕಾರ್ರೆ. ಚೌಕ ನಾಲ್ಕು ಪಾಲು ಆಗತ್ತೆ, ಅಂಚು ಹೊಲಿಗೆ ಹಿಡಿದು ಎರಡು ಲಕ್ಷ ಮೊಳ ಬೇಕಾದೀತು. ಯಾವ ಓಣಿ ಬೇಕೋ ಆರಿಸ್ಕೊಳಿ.”

“ಇಪ್ಪತ್ತೊಂದು ಮೊಳ ಕೊಡ್ತೀನಿ,” ಎಂದೆ. “ಏಳು ಬಾವುಟ. ಪುಕ್ಕಟೆ. ಮೊಳಕ್ಕೆ ಎರಡು ಬೆರಳು ಜಾಸ್ತಿ ಹಾಕಿ ಕೊಡ್ತೀನಿ.”

“ಪುಕ್ಕಟೆ ಬಟ್ಟೆ ಹಾಸಿ ಕೇಳಿದ್ರೆ ಬೆಟ್ಟ ಉತ್ತರ ಕೊಡತ್ತಾ!” ಎಂದ. ಹೊಳೆಯಾಚೆಯ ಅಂಗಡಿಯವನಿಗೆ ಹೇಳಿಕಳಿಸಿದ. ಆ ಅಂಗಡಿಯವನು ಎರಡನೆಯ ಮಗ್ಗುಲಿನ ಬುಡದ ಓಣಿಯನ್ನು ಆರಿಸಿಕೊಂಡಿದ್ದಾನೆ. ಬೆಲ್ಲ ಹಂಚಿದನಂತೆ. ಎರಡನೆಯ ಮಗ್ಗುಲಿನ ಏಣಿನ ಮೇಲೆ ಬಿರುಕಿನಲ್ಲಿ ಈಗ ಬೆರಳು ತೂರುತ್ತದೆ ಎಂದು ಬಣ್ಣದವಳು ನಿನ್ನೆ ಬಂದು ಹೇಳಿದಳು. ಈ ಸಲ ಅಂಗಡಿಯೊಳಗೆ ಬಂದು, ಕೂತು, ಹೇಳಿದಳು. ಹೇಳಿ, ಗಲ್ಲೆಯ ಪಕ್ಕದ ಚೂರನ್ನು ಎತ್ತಿ, ಗೀರಿನಲ್ಲಿ ಮತ್ತೆ ಬಣ್ಣ ತುಂಬಿ, ಅಂಗಡಿಗೆ ಬರುವ ಎಲ್ಲರಿಗೂ ಕಾಣುವ ಹಾಗೆ ಬೀದಿಯ ಕಡೆ ಮುಖ ಮಾಡಿ ಇಟ್ಟು ಹೋದಳು.

ಈಗ ಕೂಡಿಸಿ ಹೇಳುತ್ತೇನೆ. ಕೊಟ್ಟದ್ದು ಒಂದು ಲಕ್ಷ ಮೊಳ ಬಟ್ಟೆ ಮತ್ತು ಉಗ್ರಾಣದ ಅಷ್ಟೂ ಕೆಂಪು. ಬಂದದ್ದು ಒಂದು ಓಣಿ, ಎರಡಾಳೆತ್ತರದ ಮಣ್ಣಿನ ಅಡಿಯಲ್ಲಿದೆ, ಕೆಂಪು ಬಿದ್ದರೂ ನನ್ನದೇ, ಯಾರೂ ಕೇಳಿಕೊಂಡು ಬರುವುದಿಲ್ಲ. ಉಗ್ರಾಣದಲ್ಲಿ ಹದಿನೇಳು ಒಲೆ ಉರಿಯುತ್ತಿವೆ, ಅದರ ಹೊಗೆಗೆ ನನ್ನ ಬಿಳಿ ಥಾನುಗಳು ಕಪ್ಪಾಗಿವೆ, ಆ ಕೈಗಳು ನನ್ನ ಸೊತ್ತಲ್ಲ, ಅವರವರದೇ. ಒಬ್ಬ ಅಳತೆಯವನು ಹೋದ. ಅವನನ್ನು ಯಾವ ಕಡೆ ಬರೆಯಲಿ ಎಂದು ಇನ್ನೂ ತೋಚಿಲ್ಲ, ಮೂರು ದಿನ ಬಾಯಿ ಮುಚ್ಚಿಕೊಂಡವನ ಕಡೆಯೇ ಬರೆಯಬೇಕೇನೋ.

ಇದೆಲ್ಲ ಕಳೆದು ಕೈಯಲ್ಲಿ ಉಳಿದ ಲಾಭ: ಒಂದು ಕೊಂಬು, ಒಂದು ಲಿ.